ಹಿಂದಿನ ಸೀಟು

ಕಾರ್ಖಾನೆಯ ಸಾಹೇಬರಿಗೆ, ರೆಕ್ಕೆ ಹೊಲಿಯುವವಳ ನಮಸ್ಕಾರ.

ಹಳೆಯ ಯುದ್ಧವಿಮಾನದ ಎಡರೆಕ್ಕೆಗೆ ಬಟ್ಟೆ ಹೊಲಿದು ಮುಗಿಯಿತು. ಬಲರೆಕ್ಕೆಗೆ ಮೇಣ ಹಚ್ಚಿದ ದಾರ ಸಾಲದು, ಕಳುಹಿಸಿಕೊಡಿ.

ರಿಪೇರಿಯಾದ ವಿಮಾನ ಮೊದಲ ಸಲ ಹಾರುವಾಗ, ಕೆಲಸ ಮಾಡಿದವರಲ್ಲಿ ಒಬ್ಬರು ಹಿಂದಿನ ಸೀಟಿನಲ್ಲಿ ಕೂರಬೇಕೆಂಬುದು ನಮ್ಮ ಕಾರ್ಖಾನೆಯ ಪದ್ಧತಿ. ಹೋದ ಸಲ ನಮ್ಮ ಮನೆಯವರು ಕೂತರು. ಆ ವಿಮಾನ ಕೆರೆಯಾಚೆ ಬಿತ್ತು. ನೀವು ಮನೆಗೆ ಬಂದಿದ್ದಿರಿ. ಕುಡಿಯಲು ನೀರು ಕೊಟ್ಟೆನೋ ಇಲ್ಲವೋ, ನನಗೆ ನೆನಪಿಲ್ಲ.

ಈ ಸಲ ನನ್ನ ಅಳಿಯನ ಸರದಿಯಂತೆ. ಬೇಡವೆಂದರೆ, "ಇಂಜಿನ್ ಜೋಡಿಸಿದೋನೇ ಹಿಂದೇಟು ಹಾಕಿದ್ರೆ ಪೈಲಟ್ ಹತ್ತುತ್ತಾನಾ ಅತ್ತೆ? ನೀವು ಹೊಲಿದ ರೆಕ್ಕೆ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದು ನಗುತ್ತಾನೆ. ಮಗಳು ನಗುವುದಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾಳೆ.

ಆ ಸೀಟು ನನಗೆ ಕೊಡಿ. ರೆಕ್ಕೆ ಹೊಲಿದವಳೂ ಕೆಲಸ ಮಾಡಿದವಳೇ, ಪದ್ಧತಿ ತಪ್ಪುವುದಿಲ್ಲ. ಆಯುಸ್ಸು ದೇವರ ಕೈಯಲ್ಲಿದೆ, ಸರದಿ ನಿಮ್ಮ ಕೈಯಲ್ಲಿದೆ. ಇದು ನಿಮ್ಮದೇ ತೀರ್ಮಾನವೆಂದು ಅಳಿಯನಿಗೆ ಹೇಳಿ. ನಾನು ಕೇಳಿಕೊಂಡೆನೆಂದರೆ ಒಪ್ಪುವವನಲ್ಲ.

ನಾನು ಅವನಷ್ಟು ತೂಕದವಳಲ್ಲ. ಸೀಟಿನ ಕೆಳಗೆ ಒಂದು ಮರಳಿನ ಚೀಲ ಕಟ್ಟಿಸಿದರೆ ಸರಿಹೋಗುತ್ತದೆ.

ಇಂತಿ,
ನಿಮ್ಮ ಹೊಲಿಗೆಯವಳು