ಬೇಡಿಕೆ: ಸೊನ್ನೆ

ಮಾರ್ಚ್ 3

ಆಡಳಿತದವರು ಕೊಡ್ತೀವಿ ಅಂದಿದ್ದು: ಬ್ರೇಕಿಗೆ ಹೊಸ ರಬ್ಬರ್ ಪೊರೆ, ಎರಡು ಜ್ಯಾಕ್, ಸ್ಟೋರಿಗೆ ಇನ್ನೊಬ್ಬ ಆಳು. ಕೊಡದೇ ಹೋದದ್ದು: ಅಷ್ಟೂ. ಬದಲಿಗೆ ಕೊಟ್ಟದ್ದು ಒಂದು ಕಮಿಟಿ. ಬಸ್ ಡಿಪೋಗೆ ಮುಂದೆ ಯಾವ ಬಿಡಿಭಾಗ ಎಷ್ಟು ಬೇಕು ಅಂತ ಹೇಳುವ ಸಾಫ್ಟ್‌ವೇರ್ ಆರಿಸಬೇಕಂತೆ. ಫಿಟ್ಟರುಗಳ ಪರವಾಗಿ ನಾನು. ನನ್ನ ಸಹಿ ಇಲ್ಲದೆ ಯಾವುದೂ ಪಾಸಾಗಲ್ಲ. ಗೇಟಿನ ಮುಂದೆ ಧರಣಿ ಕೂತು ಗಿಟ್ಟಿಸಿದ ಹಕ್ಕು ಅದು.

ಸಂಜೆ ತಮ್ಮ ಬಸ್ ತಂದ. ಇಳಿಜಾರಿನ ರೂಟು ಅವನದು. "ಅಕ್ಕಾ, ಪೆಡಲ್ ತುಳಿದ್ರೆ ಬ್ರೇಕು ಯೋಚನೆ ಮಾಡ್ತದೆ." ನಕ್ಕ. ನನಗೆ ನಗು ಬರಲಿಲ್ಲ. ಸ್ಟೋರಿಗೆ ಓಡಿದೆ. ಸ್ಟೋರ್‌ಕೀಪರ್ ತಲೆ ಎತ್ತದೆ "ಇಲ್ಲ" ಅಂದ. ಎಂದಿನ ಹಾಗೆ, ಶೆಡ್ಡಿನ ಹಿಂದೆ ಕೆಟ್ಟು ನಿಂತ ಬಸ್ಸಿನಿಂದ — ನಮ್ಮ ಬಾಯಲ್ಲಿ ಅದು 'ಅಜ್ಜಿ' — ಹಳೇ ಪೊರೆ ಕಿತ್ತು ತಮ್ಮನ ಬಸ್ಸಿಗೆ ಹಾಕಿದೆ.

ಮಾರ್ಚ್ 6, ಮಧ್ಯಾಹ್ನ

ಎರಡು ಡೆಮೊ. ಮೊದಲನೇದು ಅಗ್ಗ, ಪರದೆ ತುಂಬ ಬಣ್ಣ. ಮ್ಯಾನೇಜರ್ ನೋಟದಲ್ಲೇ ತಾಳಿ ಕಟ್ಟಿಬಿಟ್ಟ. ನಮ್ಮ ಸ್ಟೋರಿನ ಲೆಕ್ಕ ತುಂಬಿಸಿ ಒತ್ತಿದರು. ಬ್ರೇಕ್ ಪೊರೆಯ ಎದುರು — ಬೇಡಿಕೆ: ಸೊನ್ನೆ. ಮುಂದಿನ ವರ್ಷವೂ ಸೊನ್ನೆ.

"ಸೊನ್ನೆನಾ? ಮತ್ತೆ ನಾವು ಗೇಟಲ್ಲಿ ಗಂಟಲು ಹರ್ಕೊಂಡಿದ್ದು ಯಾವುದಕ್ಕೆ, ಜಾತಕ ಕೇಳೋಕಾ?"

ಮಾರಾಟದವಳಿಗೆ ಗಾಬರಿ. "ಮೇಡಂ, ಆ ಬೇಡಿಕೆ ಬೇರೆ. ಇದು ಸ್ಟೋರಿಂದ ಹೊರಗೆ ಹೋದ ಲೆಕ್ಕ."

ಅಂದರೆ ಕೊಟ್ಟದ್ದೇ ಬೇಡಿಕೆ, ಕೇಳಿದ್ದಲ್ಲ! ಇಲ್ಲ ಅಂದದ್ದಕ್ಕೆ ಸ್ಟೋರಿನವನು ಚೀಟಿ ಬರೆಯಲ್ಲ. ಅಜ್ಜಿಯಿಂದ ಕಿತ್ತದ್ದಕ್ಕೆ ನಾವು ಬರೆಯಲ್ಲ. ಕೀಳೋದೇ ನಿಯಮಕ್ಕೆ ವಿರುದ್ಧ. ಕೊಡದೇ ಇದ್ದವನು ಗೆದ್ದ. ಯಂತ್ರ ಚಪ್ಪಾಳೆ ತಟ್ಟಿತು.

ಎರಡನೇ ಸಾಫ್ಟ್‌ವೇರಿನಲ್ಲಿ ಒಂದು ಕಾಲಂ ಇದೆ: ಕೇಳಿಯೂ ಸಿಗದ್ದು. ನನಗೆ ಅದೇ ಬೇಕು.

"ಆ ಕಾಲಂ ಬೇಡಮ್ಮ," ಅಂದ ಮ್ಯಾನೇಜರ್. "ಮೇಲಿನವರು ಓದಿದ್ರೆ ನನ್ನ ಚರ್ಮ ಸುಲೀತಾರೆ. ಬಸ್ಸುಗಳು ಓಡ್ತಾನೇ ಇವೆಯಲ್ಲ!"

ಸಹಿ ಹಾಕಲಿಲ್ಲ. ಹೊರಗೆ ಯೂನಿಯನ್ ಸೆಕ್ರೆಟರಿ ಗೊಣಗಿದ — "ಕಂಪ್ಯೂಟರ್ ಜೊತೆ ಏನು ಜಗಳ ತಾಯಿ?"

"ಕಂಪ್ಯೂಟರ್ ಜೊತೆ ಅಲ್ಲಣ್ಣ. ನಮ್ಮ ಬಾಯಿ ಹೊಲಿಯೋಕೆ ಅದನ್ನ ಸೂಜಿ ಮಾಡ್ಕೊಂಡವರ ಜೊತೆ."

ಮಾರ್ಚ್ 13

ಪೆನ್ನು ಹಿಡಿಯೋಕೆ ಆಗಿರಲಿಲ್ಲ.

ತಮ್ಮನ ಬಸ್ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಮರಳಿನ ರಾಶಿಗೆ ಏರಿಸಿ ನಿಲ್ಲಿಸಿದ. ಜನರಿಗೆ ಏನೂ ಆಗಿಲ್ಲ... ಅವನ ಮಣಿಕಟ್ಟು ಮುರಿದಿದೆ. ಹರಿದದ್ದು ನಾನು ಹಾಕಿದ ಪೊರೆ.

ಅವನನ್ನೇ ಸಸ್ಪೆಂಡ್ ಮಾಡಿದ್ದಾರೆ. ಆರೋಪ: ಅಜಾಗರೂಕ ಚಾಲನೆ. ಆಧಾರ? ಅದೇ ಮೊದಲ ಡೆಮೊದ ಕಾಗದ. ಪೊರೆಗೆ ಬೇಡಿಕೆಯೇ ಇಲ್ಲವಲ್ಲ, ಹಾಳಾಗಿತ್ತು ಅನ್ನೋದು ಹೇಗೆ — ಇದು ಮ್ಯಾನೇಜರ್ ವಾದ. ಥೂ.

ಮಾರ್ಚ್ 14, ಸಂಜೆ

ಅಜ್ಜಿಯಿಂದ ಕಿತ್ತದ್ದು ನಾನೇ ಅಂತ ಬರೆದುಕೊಟ್ಟರೆ ತಮ್ಮ ಉಳೀತಾನೆ. ನನ್ನ ಕೆಲಸ ಹೋಗುತ್ತೆ. ಅವನಿಗೆ ಹೇಳಿದೆ. ಬ್ಯಾಂಡೇಜಿನ ಕೈ ಎತ್ತಿ ಬೈದ: "ನಿನಗೇನು ತಲೆ ಕೆಟ್ಟಿದೆಯೇನೆ?"

ಆದರೂ ಬರೆದೆ. ಶೆಡ್ಡಿನಲ್ಲಿ ಎಲ್ಲರ ಮುಂದೆ ಅದನ್ನ ಓದಿದೆ. ವೆಲ್ಡರ್ ಮಾವ ಬೀಡಿ ಎಸೆದ. "ಅಜ್ಜಿ ಮೈಮೇಲೆ ಈಗ ಹಾರ್ನ್ ಬಿಟ್ರೆ ಏನಿದೆ? ನೀನೊಬ್ಬಳೇ ದೋಚಿದೆ ಅಂದ್ರೆ ನಮಗೆ ಅವಮಾನ. ತಾ ಇಲ್ಲಿ." ನನ್ನ ಹೆಸರಿನ ಕೆಳಗೆ ಅವನ ಸಹಿ. ಆಮೇಲೆ ಪೇಂಟರ್. ಟೈರಿನವರು. ಸೆಕ್ರೆಟರಿ ಬಾಗಿಲಲ್ಲೇ ನಿಂತಿದ್ದ... ಪೆನ್ನು ಕೇಳಿದ.

ಮ್ಯಾನೇಜರಿಗೆ ತಲುಪಿಸಿದ್ದೀವಿ. ವಿಚಾರಣೆ, ಸಾಫ್ಟ್‌ವೇರು, ಎರಡೂ ಒಂದೇ ಮೀಟಿಂಗಿನಲ್ಲಿ. ಸೋಮವಾರ, ಬೆಳಿಗ್ಗೆ ಹತ್ತೂವರೆ. ನನ್ನನ್ನು ಮಾತ್ರ ಕರೆದಿದ್ದಾರೆ. ಹೋಗೋದು ಸಹಿ ಹಾಕಿದ ಅಷ್ಟೂ ಜನ.