ಮೊಲದ ಬಾಲದ ಹುಲ್ಲು

೯ ಮಾರ್ಚ್ ೨೦೨೫, ಭಾನುವಾರ. ನ್ಯಾಮತಿ.

ಮೂರು ಸಲ ತೊಳೆದರೂ ಕೈಯಿಂದ ತಿಪ್ಪೆಯ ವಾಸನೆ ಹೋಗಿಲ್ಲ.

ನಾಳೆಗೆ ನನ್ನ ಹಾಲಮ್ಮ ತೀರಿಕೊಂಡು ವರ್ಷ; ಮನೆಯಲ್ಲಿ ಪೂಜೆ. ಬಂದ ಬೀಗರು ಹಿತ್ತಲು ನೋಡಿ, ಹೆಂಡತಿ ಹೋದ ಮೇಲೆ ಮನೆ ಹಾಳುಬಿತ್ತು ಎಂದಾರು ಅಂತ, ಬೆಳಿಗ್ಗೆ ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಹುಲ್ಲನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು. ಅದು ಅವಳ ಹುಲ್ಲು. ಕಾರವಾರದ ಕಡಲ ದಂಡೆಯಿಂದ ಎರಡು ತೆನೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಂದಿದ್ದಳು. ಮೊಲದ ಬಾಲ ಎಂದು ಕೆನ್ನೆಗೆ ಸವರಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಒಣಗಿ ಸತ್ತರೂ, ಉದುರಿದ ಬೀಜದಿಂದ ಪ್ರತಿವರ್ಷ ತಾನೇ ಹುಟ್ಟುತ್ತಿತ್ತು. ಈ ಸಲ ಬೀಜ ಉದುರುವ ಮೊದಲೇ ನಾನು ಕಿತ್ತೆ.

ಸಂಜೆ ತಿಪ್ಪೆ ಕೆದಕುತ್ತಿದ್ದಾಗ ಪಕ್ಕದ ಮನೆಯ ಕೊಟ್ರಮ್ಮ ಬಂದರು.

“ಏನ್ ಹುಡುಕ್ತಿದೀರಿ ಅಣ್ಣಾರೇ?”

ಹುಲ್ಲು ಎನ್ನಲು ನಾಚಿಕೆಯಾಯಿತು. “ಬೀಗದ ಕೈ” ಎಂದೆ.

“ಹಾಲಕ್ಕ ಇದ್ದಿದ್ರೆ ನಿಮ್ಮನ್ನೇ ತಿಪ್ಪೆಗೆ ಹಾಕ್ತಿದ್ಲು!” ಎಂದು ನಗುತ್ತ, ಸೀರೆ ಎತ್ತಿ ಕಟ್ಟಿ ಅವರೂ ಹುಡುಕಲು ಕೂತರು. “ಹಾಳು ಹುಲ್ಲು, ಏನೂ ಕಾಣಾಕೆ ಬಿಡಂಗಿಲ್ಲ” ಎಂದು ಬೈಯುತ್ತ, ಕೈಗೆ ಸಿಕ್ಕ ಮೆತ್ತನೆಯ ತೆನೆಗಳನ್ನೆಲ್ಲ ಬಾಚಿ ಗೋಡೆಯಾಚೆಯ ಕಾಲುವೆಗೆ ಎಸೆದರು. ನಾನು ನೋಡುತ್ತ ಕೂತೆ.

ಒಂದು ಹುಲ್ಲಿನ ಹೆಸರು ಹೇಳಲಾರದಷ್ಟು ನಾಚಿಕೆ ಏತಕ್ಕೆ? ಹೆಂಡತಿಯ ಹೆಸರು ಹೇಳಿದಂತಾಗುತ್ತದೆ ಎಂದೇ?

“ಬೆಳಕು ಹರಿದ್ಮೇಲೆ ಮತ್ತೆ ಹುಡುಕಾಣ ಬಿಡ್ರಿ, ಎಲ್ಲಿ ಹೋಗ್ತೈತೆ” ಎಂದು ಹೋಗಿದ್ದಾರೆ. ಪಾಪ, ಬಂದೇ ಬರುತ್ತಾರೆ.

ಬೀಗದ ಕೈ ನನ್ನ ಜೇಬಿನಲ್ಲೇ ಇದೆ.