ಬೀಬೀಜಾನ್ ನಾನಿಗೆ, ನೀಲಿ ಉರಿಯ ವಿಷಯ

ಇಸವಿ ಎರಡು ಸಾವಿರದ ನೂರಾ ಮೂವತ್ತೊಂದು, ಬಿಡುತಿಂಗಳ ಐದನೇ ದಿನ
ಮಂಡಕ್ಕಿ ಭಟ್ಟಿ ಏರಿಯಾ, ದಾವಣಗೆರೆ

ಬೀಬೀಜಾನ್ ನಾನಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಶಹತಾಜ್ ಮಾಡುವ ಸಲಾಮು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಡುತಿಂಗಳು ಅಂದರೆ ಮೇ ತಿಂಗಳ ಬಾಲ, ಜೂನಿನ ತಲೆ ಕತ್ತರಿಸಿ ಮಾಡಿದ ಹದಿನೆಂಟು ದಿನದ ತಿಂಗಳು. ಆ ಬಿಸಿಲಿಗೆ ಯಾರೂ ಬಯಲಲ್ಲಿ ದುಡಿಯಬಾರದೆಂದು ಸರಕಾರ ಮಾಡಿದ್ದು. ನನ್ನ ಮಾತುಗಳು ನಿಮಗೆ ವಿಚಿತ್ರ ಅನಿಸಿದರೆ ಮಾಫಿ ಇರಲಿ. ನಾನು ಶಾಲೆಗೆ ಹೋದದ್ದು ಮೂರು ಕಂತಿನಲ್ಲಿ, ಐದನೇ ಕ್ಲಾಸು ಅರ್ಧಕ್ಕೆ ನಿಂತಿತು. ಬರೆದದ್ದನ್ನು ಆರು ಸಲ ಓದಿದ್ದೇನೆ, ಆದರೂ ತಪ್ಪಿರುತ್ತದೆ. ಇದನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಅಂದರೆ ಹಿಂದಿನ ಕಾಲದವರಿಗೆ ಹಾಕುವ ಅಂಚೆ, ಮನೆಗೆ ಒಂದೇ ಕಾಗದ. ತಲುಪಿತು ಎಂದು ಯಾರೂ ರಸೀದಿ ಕೊಡುವುದಿಲ್ಲ, ನನಗೆ ಅದೇ ಒಂದು ಚಿಂತೆ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನ ಹಾಗೆ ಎದೆ ಹಿಡಿದುಕೊಂಡು ಓದಿಸುತ್ತೀರಿ. ನನ್ನ ಮಗಳು ಅಫ್ಸಾನಾ ಬದುಕಿದ್ದಾಳೆ. ಇವತ್ತು ಬೆಳಿಗ್ಗೆ ತಾನೇ ಎದ್ದು ಭಟ್ಟಿಗೆ ಬಂದಳು.

ನಿಮ್ಮ ಭಟ್ಟಿ ಇನ್ನೂ ಇದೆ ನಾನಿ. ಭತ್ತ ನೆನೆಸುವುದು, ಹುರಿಯುವುದು, ಒಣಗಿಸಿ ಅಕ್ಕಿ ಮಾಡಿಸುವುದು, ಅದಕ್ಕೆ ಉಪ್ಪುನೀರು ಹಾಕಿ ಕಾದ ಮರಳಲ್ಲಿ ಅರಳಿಸಿ ಜರಡಿ ಹಿಡಿಯುವುದು, ಎಲ್ಲ ನಿಮ್ಮ ಕಾಲದ್ದೇ. ಬೆಂಕಿ ಮಾತ್ರ ಬೇರೆ. ನೀವು ಹೊಟ್ಟು ಉರಿಸಿದಿರಿ, ಹೊಟ್ಟು ಸಾಲದಾಗ ಹಳೇ ಟೈರು ಉರಿಸಿದಿರಿ, ಕೆಮ್ಮಿದಿರಿ. ನಿಮ್ಮ ಕೆಮ್ಮಿನ ಕಥೆ ನಮ್ಮ ಮನೆಯಲ್ಲಿ ಇನ್ನೂ ಹೇಳುತ್ತಾರೆ. ಆಮೇಲೆ ಭಟ್ಟಿಗೆ ಗ್ಯಾಸಿನ ಪೈಪು ಬಂತು. ಆಗ ಆ ಗ್ಯಾಸು ಸಮುದ್ರದ ತಳದಿಂದ ಬರುತ್ತಿತ್ತಂತೆ. ಈಗ ಅದೇ ಪೈಪಿನಲ್ಲಿ ಕೊಳೆಬಾವಿಯ ಗ್ಯಾಸು ಬರುತ್ತದೆ. ಮಾರ್ಕೆಟ್ಟಿನ ಸಿಪ್ಪೆ, ಹೋಟೆಲಿನ ಎಂಜಲು, ದನದ ಸಗಣಿ ಎಲ್ಲವನ್ನೂ ಮುಚ್ಚಿಟ್ಟು ಕೊಳೆಸುವ ದೊಡ್ಡ ಬಾವಿ ಅದು. ಉರಿದು ಹೊರಗೆ ಹೋಗುವ ಬಿಸಿಗಾಳಿಯನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ಒಂದು ಕೊಳವೆ ಭತ್ತ ನೆನೆಸುವ ನೀರನ್ನು ಕಾಯಿಸುತ್ತದೆ, ಇನ್ನೊಂದು ಕಲ್ಲುಹಾಸಿನ ಕೆಳಗೆ ಹರಿದು ಭತ್ತ ಒಣಗಿಸುತ್ತದೆ. ಇದಕ್ಕೆ ಎರಡನೇ ಬಿಸಿ ಅನ್ನುತ್ತೇವೆ. ಮೋಡ ಕವಿದರೆ ಅಂಗಳದ ಭತ್ತ ಬಾಚಿಕೊಂಡು ಓಡುವ ಕಷ್ಟ ನಮಗಿಲ್ಲ. ಗೋಡೆ ಬೆಳ್ಳಗಿದೆ. ನಿಮ್ಮ ಕೆಮ್ಮು ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಆದರೂ ನನಗೆ ಗ್ಯಾಸೆಂದರೆ ಭಯ. ಪೈಪಿನ ಒಂದೊಂದು ಜೋಡಣೆಗೂ ದಿನಕ್ಕೆ ಮೂರು ಹೊತ್ತು ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡುತ್ತೇನೆ. ಅಫ್ಸಾನಾ ನಗುತ್ತಾಳೆ: “ಅಮ್ಮೀ, ಪೈಪಿಗೆ ದಿನಾ ಮೂರು ಸ್ನಾನ. ನಂಗೆ ಒಂದು ಸ್ನಾನಕ್ಕೆ ನೀರು ಕಾಯ್ಸಾಕೆ ನಿಂಗೆ ಪುರುಸೊತ್ತಿಲ್ಲ!”

ಇಷ್ಟು ದಿನ ನಮ್ಮ ಬರ್ನರ್ ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿತ್ತು, ಉರಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೋದ ತಿಂಗಳು ಅದು ಸವೆದು ಹೊಸದು ಬಂತು. ಹೊಸದಕ್ಕೆ ಅಂಗೈಯಗಲದ ಗಾಜಿನ ಕಿಂಡಿ. ಕೂರಿಸಲು ಬಂದ ಫಿಟ್ಟರ್ ನಾಗವೇಣಿ ಏನೇನೋ ಹೇಳುತ್ತಿದ್ದಳು. ನಾನು ಸೋರಿಕೆಯದೇ ಪ್ರಶ್ನೆ ಹತ್ತು ಸಲ ಕೇಳಿದೆ, ಉಳಿದದ್ದು ತಲೆಗೆ ಹೋಗಲಿಲ್ಲ. ಅವಳು ಹೋದ ಮೇಲೆ ಕಿಂಡಿಯಲ್ಲಿ ಇಣುಕಿದೆ. ಉರಿ ನೀಲಿ! ತಕ್ಷಣ ತಿರುಗಿ ಗೋಡೆ ನೋಡಿದೆ.

ಯಾಕೆಂದರೆ ನಮ್ಮ ಭಟ್ಟಿಯ ಗೋಡೆಯಲ್ಲಿ ನಿಮ್ಮ ಕಾಗದ ಇದೆ. ನೋಟ್‌ಬುಕ್ಕಿನ ಹಾಳೆ, ನೀವು ಹೇಳಿ ಯಾರಿಂದಲೋ ಪೆನ್ಸಿಲಿನಲ್ಲಿ ಬರೆಸಿದ್ದು: “ಉರಿ ಹಳದಿ ಇರಬೇಕು. ಹಳದಿ ಇಲ್ಲದಿದ್ದರೆ ಅಕ್ಕಿ ಹಾಕಬೇಡಿ.” ಕೆಳಗೆ ನಿಮ್ಮ ಹೆಬ್ಬೆಟ್ಟು. ನನ್ನ ಅಮ್ಮ ಅದಕ್ಕೆ ಗಾಜು ಹಾಕಿಸಿದ್ದಳು. ಬೆಳಿಗ್ಗೆ ಅದಕ್ಕೆ ಸಲಾಮು ಹೇಳಿಯೇ ನಾವು ಬೆಂಕಿ ಹಚ್ಚುವುದು. ನೀಲಿ ಉರಿಗೆ ಅಕ್ಕಿ ಅರಳದಿದ್ದರೆ, ಇಷ್ಟು ತಲೆಮಾರು ನಡೆದ ಭಟ್ಟಿ ನನ್ನ ಕೈಯಲ್ಲೇ ಮುಳುಗಿದರೆ ಎಂದು ಬಗ್ಗಿ ಬರ್ನರನ್ನು ಸುತ್ತಲೂ ನೋಡಿದೆ. ಬರ್ನರಿನ ಬುಡದಲ್ಲಿ ಗಾಳಿ ಹೋಗುವ ತೂತುಗಳಿದ್ದವು, ಅವಕ್ಕೊಂದು ತಿರುಗುವ ಮುಚ್ಚಳ. ತಿರುಗಿಸಿ ತೂತು ಮುಚ್ಚಿದಂತೆ ಉರಿ ಬಣ್ಣ ಬದಲಾಯಿಸಿತು. ಪೂರ್ತಿ ಹಳದಿಯಾಗುವ ತನಕ ತಿರುಗಿಸಿದೆ. ನಿಮ್ಮ ಮಾತು ಉಳಿಸಿದೆ ಎಂದು ನೆಮ್ಮದಿಯಾಯಿತು ನಾನಿ, ಆಣೆ ಮಾಡಿ ಹೇಳುತ್ತೇನೆ.

ಎರಡು ದಿನ ಮಂಡಕ್ಕಿ ಅರೆಬರೆ ಅರಳಿತು. ಬಾಣಲೆಯ ತಳಕ್ಕೆ ಮಸಿ ಹಿಡಿಯಿತು. ಮೂರನೇ ದಿನ ಗೋಡೆಯ ಮೂಗುಪೆಟ್ಟಿಗೆ ಕೂಗಿತು. ಕೆಟ್ಟ ಗಾಳಿಯನ್ನು ಮೂಸಿ ಕೂಗುವ ಡಬ್ಬಿ ಅದು. ನಾನು ಸೋಪಿನ ನೀರು ಹಿಡಿದು ಓಡಿದೆ. ಎಲ್ಲಾ ಜೋಡಣೆ ನೋಡಿದೆ, ಒಂದು ಗುಳ್ಳೆಯೂ ಇಲ್ಲ. ಡಬ್ಬಿಗೇ ತಲೆ ಕೆಟ್ಟಿದೆ ಎಂದುಕೊಂಡು ಬಾಯಿ ಮುಚ್ಚಿಸಿದೆ. ಅಫ್ಸಾನಾ ಬಾಣಲೆಯ ಮುಂದೆ ನಿಂತಿದ್ದವಳು, “ಅಮ್ಮೀ, ತಲೆ ಸಿಡೀತೈತಿ” ಅಂದಳು. ಚಾ ಕುಡಿ ಅಂದೆ. ನಾನು ತಿರುಗುವಷ್ಟರಲ್ಲಿ ಜರಡಿಯ ಮೇಲೆ ಬಿದ್ದಿದ್ದಳು.

ಬೀದಿಯವರು ಅವಳನ್ನು ಬಯಲಿಗೆ ಎಳೆದು ತಂದರು. ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಕೊಟ್ಟರು. ಅರ್ಧ ಉರಿದ ಗ್ಯಾಸಿನ ವಿಷಗಾಳಿ ಕುಡಿದಿದ್ದಾಳೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾಗವೇಣಿ ಬಂದು ಮುಚ್ಚಳ ನೋಡಿ ತಲೆ ಚಚ್ಚಿಕೊಂಡಳು: “ಅಲ್ರೀ ಅಕ್ಕಾರ, ಅವತ್ತು ನಾ ಏನ್ ಹೇಳ್ದೆ? ನೀಲಿ ಇದ್ರೇನೇ ಅದು ಪೂರ್ತಿ ಉರೀತೈತಿ. ನೀವು ಉರಿಯ ಉಸಿರು ಕಟ್ಟಿಸಿ ಹಳದಿ ಮಾಡೀರಿ!”

ಜಗತ್ತಿನಲ್ಲಿರುವ ಭಯವನ್ನೆಲ್ಲಾ ಪಟ್ಟೆ ನಾನಿ. ಪೈಪಿಗೆ ಹೆದರಿದೆ, ಬಾವಿಗೆ ಹೆದರಿದೆ. ನನ್ನ ಕೈಗೆ ಮಾತ್ರ ಹೆದರಲಿಲ್ಲ. ಐದು ದಿನ ಆಸ್ಪತ್ರೆಯ ಬೆಂಚಿನಲ್ಲಿ ನಿಮ್ಮ ಮೇಲೂ ಸಿಟ್ಟು ಮಾಡಿಕೊಂಡೆ, ಅದಕ್ಕೂ ಮಾಫಿ ಇರಲಿ. ಹೊಟ್ಟಿನ ಬೆಂಕಿಗೆ ನಿಮ್ಮ ಮಾತು ಸರಿಯಾಗೇ ಇತ್ತು. ಬೆಂಕಿ ಬದಲಾಯಿತು, ಕಾಗದ ಬದಲಾಗಲಿಲ್ಲ.

ಇವತ್ತು ಅಫ್ಸಾನಾ ತಾನೇ ಬರ್ನರ್ ಹಚ್ಚಿದಳು. ಉರಿ ನೀಲಿ, ಹೊಸ ಬಟ್ಟೆಯ ಹಾಗೆ. ಮರಳು ಕಾದ ಮೇಲೆ ಒಂದು ಚಿಟಿಕೆ ಅಕ್ಕಿ ಎಸೆದಳು. ಎಣಿಸಿ ಐದು ಉಸಿರು, ಅಷ್ಟರಲ್ಲಿ ಚಟಪಟ ಎಂದು ಬೆಳ್ಳಗೆ ಎದ್ದು ನಿಂತವು. ಒಂದು ಮುಷ್ಟಿ ನನ್ನ ಬಾಯಿಗೆ ತುರುಕಿ, “ಈಗಾದ್ರೂ ಸುಮ್ನಿರು” ಅಂದಳು. ಬಾಯಿ ತುಂಬಾ ಇದ್ದದ್ದರಿಂದ ಅತ್ತದ್ದು ಕೇಳಿಸಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಗ್ಯಾಸಿನ ಪೈಪು ನಿಮ್ಮ ಬೀದಿಗೆ ಬಂದ ದಿನ, ಬರೆಯಲು ಬರುವ ಯಾರನ್ನಾದರೂ ಕೂರಿಸಿ, ಆ ಹಾಳೆಯಲ್ಲಿ ಇನ್ನೊಂದು ಸಾಲು ಬರೆಸಿ: ಇದು ಹೊಟ್ಟಿನ ಬೆಂಕಿಯ ಮಾತು, ಗ್ಯಾಸಿಗೆ ನೀಲಿಯೇ ಸರಿ. ನಿಮ್ಮ ಹೆಬ್ಬೆಟ್ಟಿನ ಪಕ್ಕ ಎರಡು ಬೆರಳು ಜಾಗ ಇದೆ, ನಾನು ಅಳೆದು ನೋಡಿದ್ದೇನೆ.

ಈ ಕಾಗದ ಬರೆಯುತ್ತಾ ನಾಲ್ಕು ಸಲ ಎದ್ದು ಗೋಡೆ ನೋಡಿ ಬಂದೆ, ನೀವು ಬರೆಸಿದ ಸಾಲು ಮೂಡಿದೆಯೋ ಎಂದು. ಮೂಡಿರಲಿಲ್ಲ. ಕೊನೆಗೆ ಗಾಜು ಬಿಚ್ಚಿ ನಾನೇ ಬರೆದೆ, ನಿಮ್ಮ ಹೆಬ್ಬೆಟ್ಟಿನ ಪಕ್ಕ ನನ್ನದನ್ನು ಒತ್ತಿದೆ. ಆದರೂ ನೀವು ಬರೆಸಿ ನಾನಿ. ಎರಡು ಸಲ ಇದ್ದರೆ ತಪ್ಪೇನಿಲ್ಲ.

ನಿಮ್ಮ
ಶಹತಾಜ್